ಬಿ.ಬಿ.ಎ. ಎಂದರೆ ಬರೀ ಮಾತಲ್ಲ, ಲೆಕ್ಕವೂ ಇದೆ!

ಪಿಯುಸಿ ಫಲಿತಾಂಶ ಬಂದ ವಾರ ವಾಣಿಜ್ಯ ವಿಭಾಗದ ಮಕ್ಕಳಿರುವ ಮನೆಗಳಲ್ಲಿ ನಡೆಯುವ ಚರ್ಚೆ ಹೆಚ್ಚುಕಡಿಮೆ ಒಂದೇ ತೆರನದು. ಬಿ.ಕಾಂ.ಗೆ ಸೇರಿಸುವುದೋ, ಬಿ.ಬಿ.ಎ.ಗೋ? 'ಸಿ.ಎ. ಓದುವುದಾದರೆ ಬಿ.ಕಾಂ., ಮುಂದೆ ಎಂ.ಬಿ.ಎ. ಮಾಡುವುದಾದರೆ ಬಿ.ಬಿ.ಎ.' ಎಂದು ಪಕ್ಕದ ಮನೆಯವರು ತೀರ್ಪು ಕೊಟ್ಟುಬಿಡುತ್ತಾರೆ. 'ಬಿ.ಬಿ.ಎ.ಯಲ್ಲಿ ಲೆಕ್ಕ ಕಡಿಮೆಯಂತೆ, ಮಾತು ಜಾಸ್ತಿಯಂತೆ. ನಮ್ಮ ಹುಡುಗಿಗೆ ಅದೇ ಸರಿ' ಎಂದು ಸೋದರಮಾವ ಒಗ್ಗರಣೆ ಹಾಕುತ್ತಾರೆ. ಲೆಕ್ಕ ಕಂಡರೆ ಮಾರು ದೂರ ಓಡುವ ಮಗಳೂ ಸಮಾಧಾನದ ನಿಟ್ಟುಸಿರು ಬಿಡುತ್ತಾಳೆ. ಅರ್ಜಿ ತುಂಬಿದ್ದಾಯಿತು, ಶುಲ್ಕ ಕಟ್ಟಿದ್ದಾಯಿತು.

ನಿಜವಾದ ಪರೀಕ್ಷೆ ಆಮೇಲೆ ಶುರುವಾಗುತ್ತದೆ. ನಿರ್ವಹಣೆಯ ತತ್ವಗಳು, ಲೆಕ್ಕಪತ್ರ, ಮಾರುಕಟ್ಟೆ, ಸಿಬ್ಬಂದಿ ನಿರ್ವಹಣೆ ಎಂದು ಸಾಗುವ ಪಾಠಗಳ ನಡುವೆ ಒಂದು ದಿನ ವಾಣಿಜ್ಯ ಸಂಖ್ಯಾಶಾಸ್ತ್ರ ಬರುತ್ತದೆ. ಅದರ ಬೆನ್ನಿಗೇ 'ಕ್ವಾಂಟಿಟೇಟಿವ್ ಟೆಕ್ನಿಕ್ಸ್' ಎಂದೋ 'ಆಪರೇಷನ್ಸ್ ರಿಸರ್ಚ್' ಎಂದೋ ಇನ್ನೊಂದು ಪತ್ರಿಕೆ ಬರುತ್ತದೆ. ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಹೆಸರು ಬದಲಾಗಬಹುದು, ಸರಕು ಒಂದೇ. ಪಿಯುಸಿಯಲ್ಲಿ ಮೂಲ ಗಣಿತವನ್ನೂ ಸಂಖ್ಯಾಶಾಸ್ತ್ರವನ್ನೂ ಬಿಟ್ಟು ಇತಿಹಾಸವನ್ನೋ ರಾಜ್ಯಶಾಸ್ತ್ರವನ್ನೋ ಆರಿಸಿಕೊಂಡು ಬಂದವರಿಗೆ ಇಲ್ಲಿ ನೆಲ ಕುಸಿದಂತಾಗುತ್ತದೆ. 'ಇದೆಲ್ಲಿಂದ ಬಂತಪ್ಪ ಪೀಡೆ' ಎಂದು ಗೊಣಗುತ್ತ, ಹಳೆಯ ಪ್ರಶ್ನೆಪತ್ರಿಕೆಗಳ ನಾಲ್ಕಾರು ಲೆಕ್ಕ ಉರು ಹೊಡೆದು, ಹೇಗೋ ಪಾಸಾಗಿ ಮರೆತುಬಿಡುವವರು ಬಹಳ.

ಇದು ದೊಡ್ಡ ನಷ್ಟ. ಏಕೆಂದರೆ ಬಿ.ಬಿ.ಎ. ಎಂಬ ಮೂರು ವರ್ಷದ ಓದಿನಲ್ಲಿ 'ನಿರ್ವಹಣೆ ಕೂಡ ಒಂದು ವಿಜ್ಞಾನ' ಎಂದು ತೋರಿಸಿಕೊಡುವ ಭಾಗವೇ ಇದು. ಆಂಗ್ಲರು ಇದನ್ನು ಮ್ಯಾನೇಜ್‌ಮೆಂಟ್ ಸೈನ್ಸ್ ಎನ್ನುತ್ತಾರೆ. ನಾವು ನಿರ್ವಹಣಾ ವಿಜ್ಞಾನ ಎನ್ನೋಣ. ಹೊರದೇಶದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಈ ಹೆಸರಿನಲ್ಲೇ ಪದವಿಗಳಿವೆ. ನಮ್ಮಲ್ಲಿ ಅದು ಬಿ.ಬಿ.ಎ.ಯ ಹೊಟ್ಟೆಯೊಳಗೆ ಒಂದೆರಡು ಪತ್ರಿಕೆಯಾಗಿ ಅಡಗಿದೆ.

ಏನಿದು ವಿಜ್ಞಾನ?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ನಿರ್ವಹಣಾ ವಿಜ್ಞಾನವೂ ಅಲ್ಲಿಂದಲೇ ಹೊರಡುತ್ತದೆ, ಆದರೆ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಹಾಸಿಗೆ ಇಷ್ಟೇ ಇದೆ, ಸರಿ. ಇದರಲ್ಲಿ ಹೇಗೆ ಮಲಗಿದರೆ ಹೆಚ್ಚು ಜನಕ್ಕೆ ಜಾಗ ಸಿಗುತ್ತದೆ? ಹಾಸಿಗೆಯನ್ನು ಒಂದು ಗೇಣು ಹಿಗ್ಗಿಸಲು ಎಷ್ಟು ಖರ್ಚು ಮಾಡಬಹುದು? ಹಣ, ಆಳು, ಯಂತ್ರ, ಜಾಗ, ಸಮಯ ಎಲ್ಲವೂ ಮಿತವಾಗಿರುವಾಗ ಅತ್ಯುತ್ತಮ ನಿರ್ಧಾರ ಯಾವುದು ಎಂದು ಊಹೆಯಿಂದಲ್ಲದೆ ಲೆಕ್ಕದಿಂದ ಕಂಡುಹಿಡಿಯುವುದೇ ಈ ಶಾಸ್ತ್ರದ ಕಸುಬು.

ವ್ಯಾಪಾರ ವಿಷಯಕ್ಕೆಂದೇ ವಿಶ್ವವಿದ್ಯಾಲಯದ ಮಟ್ಟದಲ್ಲಿ ಶಾಲೆ ಹುಟ್ಟಿದ್ದು ಅಮೆರಿಕದಲ್ಲಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಾರ್ಟನ್ ಶಾಲೆ 1881ರಲ್ಲಿ ಆರಂಭವಾಯಿತು. ಕೆಲಸವನ್ನು ಗಡಿಯಾರ ಹಿಡಿದು ಅಳೆದ ಫ್ರೆಡರಿಕ್ ಟೇಲರ್ ತಮ್ಮ 'ವೈಜ್ಞಾನಿಕ ನಿರ್ವಹಣೆ'ಯ ಗ್ರಂಥವನ್ನು ಪ್ರಕಟಿಸಿದ್ದು 1911ರಲ್ಲಿ. ಗೋದಾಮಿಗೆ ಒಂದು ಸಲಕ್ಕೆ ಎಷ್ಟು ಮಾಲು ತರಿಸಿದರೆ ಲಾಭ ಎಂಬ ಸೂತ್ರವನ್ನು ಫೋರ್ಡ್ ಹ್ಯಾರಿಸ್ ಎಂಬವರು 1913ರಲ್ಲೇ ಕೊಟ್ಟಿದ್ದರು. ಆದರೆ ಈ ಬಿಡಿ ಪ್ರಯತ್ನಗಳೆಲ್ಲ ಒಂದು ಶಾಸ್ತ್ರವಾಗಿ ಗಟ್ಟಿಯಾದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ.

ಯುದ್ಧದ ಮೂಸೆಯಲ್ಲಿ

ಅಟ್ಲಾಂಟಿಕ್ ಸಾಗರದಲ್ಲಿ ಬ್ರಿಟನ್ನಿನ ಸರಕು ಹಡಗುಗಳನ್ನು ಜರ್ಮನಿಯ ಜಲಾಂತರ್ಗಾಮಿಗಳು ಬೇಟೆಯಾಡುತ್ತಿದ್ದ ದಿನಗಳವು. ಹಡಗುಗಳು ಬೆಂಗಾವಲಿನೊಂದಿಗೆ ಗುಂಪಾಗಿ ಸಾಗುತ್ತಿದ್ದವು. ಗುಂಪು ಚಿಕ್ಕದಾಗಿದ್ದರೆ ಕ್ಷೇಮ ಎಂಬುದು ನೌಕಾಪಡೆಯ ನಂಬಿಕೆ. ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಅವರ ತಂಡ ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿದಾಗ ಕಂಡದ್ದೇ ಬೇರೆ. ದೊಡ್ಡ ಗುಂಪುಗಳಲ್ಲಿ ಮುಳುಗಿದ ಹಡಗುಗಳ ಪ್ರಮಾಣ ಕಡಿಮೆಯಿತ್ತು! ಕಾರಣವನ್ನು ಹೈಸ್ಕೂಲು ರೇಖಾಗಣಿತವೇ ಹೇಳುತ್ತದೆ. ವೃತ್ತದ ವಿಸ್ತೀರ್ಣ ನಾಲ್ಕು ಪಟ್ಟಾದರೆ ಅದರ ಸುತ್ತಳತೆ ಎರಡೇ ಪಟ್ಟಾಗುತ್ತದೆ. ಅಂದರೆ ಒಳಗೆ ನಾಲ್ಕು ಪಟ್ಟು ಹಡಗುಗಳಿದ್ದರೂ ಸುತ್ತ ಕಾವಲಿಗೆ ಎರಡು ಪಟ್ಟು ಹಡಗು ಸಾಕು. 1943ರಲ್ಲಿ ಗುಂಪುಗಳನ್ನು ಹಿಗ್ಗಿಸಲಾಯಿತು. ಹೊಸ ಫಿರಂಗಿಯಿಲ್ಲ, ಹೊಸ ಹಡಗಿಲ್ಲ. ಇದ್ದುದನ್ನೇ ಬೇರೆ ರೀತಿ ಜೋಡಿಸಿದ್ದು, ಅಷ್ಟೆ. ಬ್ಲ್ಯಾಕೆಟ್ 1948ರಲ್ಲಿ ಭೌತವಿಜ್ಞಾನಕ್ಕೆ ನೊಬೆಲ್ ಪಾರಿತೋಷಕ ಪಡೆದರು.

ಅದೇ ಯುದ್ಧದಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕೂತು ಏಬ್ರಹಾಂ ವಾಲ್ಡ್ ಎಂಬ ಸಂಖ್ಯಾಶಾಸ್ತ್ರಜ್ಞ ಇನ್ನೊಂದು ಲೆಕ್ಕ ಮಾಡಿದರು. ಗುಂಡೇಟು ತಿಂದು ಮರಳಿದ ವಿಮಾನಗಳನ್ನು ನೋಡಿ, ವಿಮಾನದ ಯಾವ ಭಾಗ ಹೆಚ್ಚು ದುರ್ಬಲ ಎಂದು ಅಂದಾಜಿಸುವುದು ಹೇಗೆ? ಹೆಚ್ಚು ತೂತು ಬಿದ್ದ ಕಡೆ ತಗಡು ಬಲಪಡಿಸಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಅಲ್ಲಿ ಏಟು ತಿಂದ ವಿಮಾನಗಳು ಹೇಗೋ ಮರಳಿ ಬಂದಿವೆಯಲ್ಲ! ಬಾರದೇ ಹೋದ ವಿಮಾನಗಳಿಗೆ ಏಟು ಬಿದ್ದದ್ದು ಎಲ್ಲಿ ಎಂಬುದು ಮುಖ್ಯ ಪ್ರಶ್ನೆ. ಕಣ್ಣೆದುರಿಗಿಲ್ಲದ ಅಂಕಿಅಂಶವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬ ಈ ಪಾಠ ಇಂದಿನ ವ್ಯಾಪಾರಕ್ಕೂ ಅನ್ವಯಿಸುತ್ತದೆ. ಅಂಗಡಿಗೆ ಬಂದ ಗಿರಾಕಿಯನ್ನು ಮಾತ್ರ ಕೇಳಿದರೆ, ಬಾರದೇ ಹೋದವನ ದೂರು ಗೊತ್ತಾಗುವುದಿಲ್ಲ.

ವಾಲ್ಡ್ ಅವರ ಬದುಕಿನ ಕೊನೆಗೂ ನಮ್ಮ ನೆಲಕ್ಕೂ ಒಂದು ವಿಷಾದದ ನಂಟಿದೆ. ಉಪನ್ಯಾಸಗಳಿಗಾಗಿ ಭಾರತಕ್ಕೆ ಬಂದಿದ್ದ ಅವರು 1950ರ ಡಿಸೆಂಬರಿನಲ್ಲಿ ನೀಲಗಿರಿ ಬೆಟ್ಟಗಳಲ್ಲಿ ನಡೆದ ವಿಮಾನ ಅಪಘಾತದಲ್ಲಿ ಪತ್ನಿಯೊಂದಿಗೆ ತೀರಿಕೊಂಡರು.

ಯುದ್ಧ ಮುಗಿದ ಮೇಲೆ, 1947ರಲ್ಲಿ, ಜಾರ್ಜ್ ಡಾಂಟ್ಸಿಗ್ ಎಂಬ ಗಣಿತಜ್ಞರು 'ಸಿಂಪ್ಲೆಕ್ಸ್' ಎಂಬ ವಿಧಾನವನ್ನು ರೂಪಿಸಿದರು. ಮಿತಿಗಳು ಹತ್ತಾರು, ಆಯ್ಕೆಗಳು ನೂರಾರು ಇದ್ದಾಗ ಉತ್ತಮ ಉತ್ತರವನ್ನು ಮೆಟ್ಟಿಲು ಮೆಟ್ಟಿಲಾಗಿ ಹುಡುಕುವ ದಾರಿ ಇದು. ಇದನ್ನು ಮೊದಲು ಪರೀಕ್ಷಿಸಿದ ಲೆಕ್ಕಗಳಲ್ಲಿ ಒಂದು ಅಡುಗೆಮನೆಯದು. ಒಬ್ಬ ಮನುಷ್ಯನಿಗೆ ಬೇಕಾದ ಪೋಷಕಾಂಶಗಳನ್ನೆಲ್ಲ ಒದಗಿಸುವ ಅತಿ ಅಗ್ಗದ ಆಹಾರ ಯಾವುದು? ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 77 ಆಹಾರ ಪದಾರ್ಥಗಳನ್ನು ತೆಗೆದುಕೊಂಡು, ಅಂದಾಜಿನ ಜಾಣ್ಮೆಯಿಂದ, 1939ರ ಬೆಲೆಗಳಲ್ಲಿ ವರ್ಷಕ್ಕೆ 39.93 ಡಾಲರ್ ಸಾಕು ಎಂದಿದ್ದರು. ಸಿಂಪ್ಲೆಕ್ಸ್ ವಿಧಾನದಿಂದ ಬಂದ ನಿಖರ ಉತ್ತರ 39.69 ಡಾಲರ್. ಆಗ ಇದಕ್ಕೆ ಕೈಲೆಕ್ಕದ ಯಂತ್ರ ಹಿಡಿದು ಒಬ್ಬರೇ ಕೂತಿದ್ದರೆ 120 ದಿನವಾಗುತ್ತಿತ್ತು; ಒಂಬತ್ತು ಗುಮಾಸ್ತರು ಹಂಚಿಕೊಂಡು ಮಾಡಿದರು. ಇಂದು ಕಾಲೇಜಿನ ಗಣಕಯಂತ್ರ ಕಣ್ಣು ಮಿಟುಕಿಸುವುದರೊಳಗೆ ಮುಗಿಸುತ್ತದೆ.

ಹಪ್ಪಳದ ಲೆಕ್ಕ

ಸಾಗರ, ವಿಮಾನಗಳ ಮಾತು ಸಾಕು, ನಮ್ಮ ಊರಿಗೆ ಬರೋಣ. ಐವರು ಹೆಂಗಸರು ಸೇರಿ ಹಪ್ಪಳ, ಸಂಡಿಗೆ ಮಾಡಿ ಮಾರುತ್ತಾರೆ ಎಂದುಕೊಳ್ಳಿ. ಒಬ್ಬೊಬ್ಬರು ದಿನಕ್ಕೆ ಎಂಟು ಗಂಟೆ ದುಡಿದರೆ ಒಟ್ಟು 40 ಗಂಟೆ. ಮಾಳಿಗೆಯ ಮೇಲೆ ಹಾಸಲು 30 ಚಾಪೆಗಳಿವೆ. ಒಂದು ಕಿಲೋ ಹಪ್ಪಳಕ್ಕೆ ಎರಡು ಗಂಟೆ ದುಡಿಮೆ, ಒಂದು ಚಾಪೆ ಬೇಕು. ಒಂದು ಕಿಲೋ ಸಂಡಿಗೆಗೆ ಒಂದು ಗಂಟೆ, ಒಂದು ಚಾಪೆ. ಸಾಮಗ್ರಿಯ ಖರ್ಚು ಕಳೆದರೆ ಹಪ್ಪಳದಲ್ಲಿ ಕಿಲೋಗೆ 120 ರೂಪಾಯಿ, ಸಂಡಿಗೆಯಲ್ಲಿ 90 ರೂಪಾಯಿ ಉಳಿಯುತ್ತದೆ. ಈಗ ಏನು ಮಾಡಬೇಕು?

'ಹಪ್ಪಳದಲ್ಲೇ ಲಾಭ ಹೆಚ್ಚು, ಬರೀ ಹಪ್ಪಳ ಮಾಡಿ' ಎನ್ನುವವರಿದ್ದಾರೆ. 40 ಗಂಟೆಯಲ್ಲಿ 20 ಕಿಲೋ ಆಗುತ್ತದೆ, 2,400 ರೂಪಾಯಿ ಬರುತ್ತದೆ. ಹತ್ತು ಚಾಪೆ ಖಾಲಿ ಬಿದ್ದಿರುತ್ತವೆ. 'ಬೇಗ ಆಗುವುದು ಸಂಡಿಗೆ, ಅದನ್ನೇ ಮಾಡಿ' ಎಂದರೆ 30 ಚಾಪೆಗೆ 30 ಕಿಲೋ, 2,700 ರೂಪಾಯಿ. ಹತ್ತು ಗಂಟೆ ಕೈಕಟ್ಟಿ ಕೂರಬೇಕು. 10 ಕಿಲೋ ಹಪ್ಪಳ, 20 ಕಿಲೋ ಸಂಡಿಗೆ ಮಾಡಿದರೆ? ಗಂಟೆಯೂ ಪೂರ್ತಿ, ಚಾಪೆಯೂ ಪೂರ್ತಿ. ಬರುವ ಹಣ 3,000 ರೂಪಾಯಿ, ತಲೆಗೆ 600. ಇದಕ್ಕಿಂತ ಹೆಚ್ಚು ಬರುವ ಬೇರೆ ಯಾವ ಹೊಂದಾಣಿಕೆಯೂ ಇಲ್ಲ. ಒಂದು ಗ್ರಾಫ್ ಹಾಳೆಯ ಮೇಲೆ ಎರಡು ಗೆರೆ ಎಳೆದರೆ, ಅವು ಒಂದನ್ನೊಂದು ಕತ್ತರಿಸುವ ಜಾಗದಲ್ಲಿ ಈ ಉತ್ತರ ಸಿಗುತ್ತದೆ. ಇಷ್ಟೇ ಕಣ್ರೀ, ಮಕ್ಕಳು ಹೆದರುವ 'ಲೀನಿಯರ್ ಪ್ರೋಗ್ರಾಮಿಂಗ್'!

ಸೊಗಸು ಇನ್ನೂ ಮುಂದಿದೆ. ವ್ಯಾಪಾರ ಚೆನ್ನಾಗಿದೆ, ಆರನೆಯವಳನ್ನು ಸೇರಿಸಿಕೊಳ್ಳೋಣ ಎಂದು ಐವರೂ ಯೋಚಿಸುತ್ತಾರೆ. ಎಂಟು ಗಂಟೆ ಹೆಚ್ಚಾದರೆ 18 ಕಿಲೋ ಹಪ್ಪಳ, 12 ಕಿಲೋ ಸಂಡಿಗೆ ಮಾಡುವುದು ಉತ್ತಮ; ಆದಾಯ 3,240 ರೂಪಾಯಿ. ಆರು ಜನ ಹಂಚಿಕೊಂಡರೆ ತಲೆಗೆ 540! ಇದ್ದುದರಲ್ಲೇ 60 ರೂಪಾಯಿ ಕಳೆದುಕೊಂಡಂತಾಯಿತು. ಅದರ ಬದಲು ಪಕ್ಕದ ಮನೆಯ ಮಾಳಿಗೆಯಲ್ಲಿ ನಾಲ್ಕೇ ನಾಲ್ಕು ಚಾಪೆ ಹೆಚ್ಚು ಹಾಸಿದರೆ? 6 ಕಿಲೋ ಹಪ್ಪಳ, 28 ಕಿಲೋ ಸಂಡಿಗೆ. ಆಗಲೂ ಆದಾಯ 3,240 ರೂಪಾಯಿ, ಆದರೆ ಐವರಿಗೇ, ತಲೆಗೆ 648. ಅಂದರೆ ಇಲ್ಲಿ ಒಂದು ಗಂಟೆ ದುಡಿಮೆಯ ಬೆಲೆ 30 ರೂಪಾಯಿ, ಒಂದು ಚಾಪೆ ಜಾಗದ ಬೆಲೆ 60 ರೂಪಾಯಿ. ಇದನ್ನು ಛಾಯಾ ಬೆಲೆ ಎನ್ನುತ್ತಾರೆ. ಯಾವ ಅಂಗಡಿಯ ಚೀಟಿಯಲ್ಲೂ ಕಾಣದ, ಲೆಕ್ಕ ಮಾಡಿದವರಿಗೆ ಮಾತ್ರ ಕಾಣುವ ಬೆಲೆ ಇದು. ಪಕ್ಕದ ಮನೆಯವರು ಚಾಪೆಯೊಂದಕ್ಕೆ 60 ರೂಪಾಯಿಗಿಂತ ಹೆಚ್ಚು ಬಾಡಿಗೆ ಕೇಳಿದರೆ ಕೈಮುಗಿದು ಬರಬೇಕೆಂಬುದನ್ನೂ ಅದೇ ಹೇಳುತ್ತದೆ.

ಸರದಿ ಸಾಲಿನ ಗುಟ್ಟು

ಇನ್ನೊಂದು ಉದಾಹರಣೆ. ಜೂನ್ ತಿಂಗಳಲ್ಲಿ ವಿದ್ಯಾರ್ಥಿಗಳ ಬಸ್ ಪಾಸ್ ಕೊಡುವ ಕೌಂಟರ್ ಒಂದನ್ನು ಕಲ್ಪಿಸಿಕೊಳ್ಳಿ. ಒಬ್ಬರಿಗೆ ಸರಾಸರಿ ಮೂರು ನಿಮಿಷ, ಗಂಟೆಗೆ 20 ಜನರ ಕೆಲಸವಾಗುತ್ತದೆ. ಗಂಟೆಗೆ 15 ಜನ ಬಂದರೆ ಗುಮಾಸ್ತರು ಕಾಲು ಭಾಗ ಹೊತ್ತು ಖಾಲಿ ಕೂತಿರುತ್ತಾರೆ. 'ಸರ್ಕಾರದ ಸಂಬಳ ತಿಂದು ಸುಮ್ಮನೆ ಕೂತಿದ್ದಾರೆ' ಎಂದು ಸಿಟ್ಟಾದ ಮೇಲಧಿಕಾರಿ ಬೇರೊಂದು ಕೌಂಟರನ್ನು ಮುಚ್ಚಿಸಿ ಇನ್ನಷ್ಟು ಜನರನ್ನು ಇಲ್ಲಿಗೆ ತಳ್ಳುತ್ತಾರೆ. ಆಗೇನಾಗುತ್ತದೆ?

ಜನ ಗಡಿಯಾರ ನೋಡಿಕೊಂಡು ಬರುವುದಿಲ್ಲ. ಒಮ್ಮೆ ಗುಂಪಾಗಿ ಬರುತ್ತಾರೆ, ಒಮ್ಮೆ ಯಾರೂ ಇರುವುದಿಲ್ಲ. ಒಬ್ಬನ ಕಾಗದಪತ್ರ ಸರಿಯಿದ್ದರೆ ಇನ್ನೊಬ್ಬನದು ಇರುವುದಿಲ್ಲ. ಇಂಥ ಏರುಪೇರುಗಳ ಗಣಿತವನ್ನು ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿದ್ದ ಎ.ಕೆ. ಎರ್ಲಾಂಗ್ 1909ರಲ್ಲೇ ಆರಂಭಿಸಿದ್ದರು. ಅವರ ನಂತರ ಬೆಳೆದ ಶಾಸ್ತ್ರದ ಅತಿ ಸರಳ ಸೂತ್ರದ ಪ್ರಕಾರ, ಗಂಟೆಗೆ 15 ಜನ ಬರುವಾಗ ಒಬ್ಬ ವಿದ್ಯಾರ್ಥಿ ಬಂದು ಹೋಗಲು ಸರಾಸರಿ 12 ನಿಮಿಷ ಬೇಕು. 18 ಜನರಾದರೆ 30 ನಿಮಿಷ. 19 ಜನರಾದರೆ ಒಂದು ಗಂಟೆ! ಬಂದವರು ಹೆಚ್ಚಾದದ್ದು ನಾಲ್ಕೇ ಜನ, ಬಂದು ಹೋಗುವ ಹೊತ್ತು ಐದು ಪಟ್ಟು. 20 ಮುಟ್ಟಿದರೆ ಸಾಲಿಗೆ ಕೊನೆಯೇ ಇಲ್ಲ. ಗುಮಾಸ್ತರ ಆ 'ಖಾಲಿ' ಹೊತ್ತು ವ್ಯರ್ಥವಲ್ಲ. ಅದು ಸಾಲು ಕರಗಲು ಬೇಕಾದ ಬಿಡುವು. ಆಸ್ಪತ್ರೆಯ ಹಾಸಿಗೆಗಳು, ವಿಮಾನ ನಿಲ್ದಾಣದ ಓಡುಹಾದಿ, ಬ್ಯಾಂಕಿನ ಕೌಂಟರ್ ಎಲ್ಲದಕ್ಕೂ ಈ ಮಾತು ಸಲ್ಲುತ್ತದೆ. ಇದನ್ನು ಅರಿಯದ ಒಬ್ಬ ಮ್ಯಾನೇಜರ್ ಎಷ್ಟು ಜನರ ಬಿಸಿಲಿನ ಹೊತ್ತನ್ನು ಹಾಳು ಮಾಡಬಲ್ಲ ಎಂದು ಯೋಚಿಸಿ.

ಲೆಕ್ಕಕ್ಕೆ ಸಿಗದ್ದು

ಹಾಗೆಂದ ಮಾತ್ರಕ್ಕೆ ಲೆಕ್ಕವೇ ಸರ್ವಸ್ವವಲ್ಲ. ಮೇಲಿನ ಹಪ್ಪಳದ ಲೆಕ್ಕದಲ್ಲಿ ಮಾಡಿದ್ದೆಲ್ಲ ಮಾರಾಟವಾಗುತ್ತದೆ, ದಿನವೂ ಒಳ್ಳೆಯ ಬಿಸಿಲಿರುತ್ತದೆ ಎಂದು ನಾವು ಸದ್ದಿಲ್ಲದೆ ಒಪ್ಪಿಕೊಂಡಿದ್ದೇವೆ. ಎಂಟು ಗಂಟೆ ಬಗ್ಗಿ ಲಟ್ಟಿಸುವವರ ಸೊಂಟನೋವು ಆ ಎರಡು ಗೆರೆಗಳಲ್ಲಿ ಎಲ್ಲೂ ಇಲ್ಲ. ಆರನೆಯವಳನ್ನು ಬೇಡ ಎಂದಿತು ಲೆಕ್ಕ. ಆದರೆ ಅವಳು ಗಂಡನನ್ನು ಕಳೆದುಕೊಂಡು ಮಕ್ಕಳನ್ನು ಸಾಕುತ್ತಿರುವ ನೆರೆಯವಳಾಗಿದ್ದರೆ ಐವರೂ ತಲೆಗೆ 60 ರೂಪಾಯಿ ಬಿಟ್ಟುಕೊಡಲು ಒಪ್ಪಬಹುದು. ಅದು ತಪ್ಪು ನಿರ್ಧಾರವೇನಲ್ಲ. ಆ ಒಳ್ಳೆಯತನಕ್ಕೆ ತೆರಬೇಕಾದ ಬೆಲೆ ಎಷ್ಟು ಎಂಬುದನ್ನು ಲೆಕ್ಕ ಮೊದಲೇ ಹೇಳಿದೆ, ಅವರು ತಿಳಿದೇ ಒಪ್ಪಿದ್ದಾರೆ.

ಬಸ್ಸಿನ ಚಾಲಕ, ನಿರ್ವಾಹಕರ ಪಾಳಿಯನ್ನು ಇಂದು ಗಣಕಯಂತ್ರದಿಂದ ಹಾಕಬಹುದು. ಚಾಲಕನಿಗೆ ನಿದ್ದೆಗೆ ಇಷ್ಟು ಗಂಟೆ ಬಿಡಲೇಬೇಕು ಎಂಬ ಮಿತಿಯನ್ನು ಯಾರಾದರೂ ಬರೆದರೆ ಮಾತ್ರ ಅದು ಬಿಡುತ್ತದೆ. ಬರೆಯುವವನು ಮನುಷ್ಯ. ಮಾರುಕಟ್ಟೆ, ಸಿಬ್ಬಂದಿ ನಿರ್ವಹಣೆ, ಕಾನೂನು, ವ್ಯವಹಾರ ನೀತಿ ಮುಂತಾದ 'ಮಾತಿನ' ವಿಷಯಗಳನ್ನೂ ಲೆಕ್ಕದ ವಿಷಯಗಳನ್ನೂ ಬಿ.ಬಿ.ಎ.ಯಲ್ಲಿ ಒಟ್ಟಿಗೆ ಓದಿಸುವುದರ ಅರ್ಥ ಇಲ್ಲಿದೆ. ಒಂದನ್ನು ಬಿಟ್ಟರೆ ಇನ್ನೊಂದು ಕುಂಟುತ್ತದೆ.

ಕಾಲೇಜು ಆರಿಸುವ ಮುನ್ನ

ನಮ್ಮಲ್ಲಿ ಈ ಶಾಸ್ತ್ರಕ್ಕೆ ಒಳ್ಳೆಯ ಪರಂಪರೆಯೇ ಇದೆ. ಪಿ.ಸಿ. ಮಹಲನೊಬಿಸ್ ಅವರು 1931ರಲ್ಲಿ ಕಲ್ಕತ್ತೆಯಲ್ಲಿ ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬೆಂಗಳೂರಿನಲ್ಲೂ ಕೇಂದ್ರವಿದೆ. ಆಪರೇಷನಲ್ ರಿಸರ್ಚ್ ಸೊಸೈಟಿ ಆಫ್ ಇಂಡಿಯಾ 1957ರಲ್ಲಿ ಹುಟ್ಟಿತು. ಕಲ್ಕತ್ತ ಮತ್ತು ಅಹಮದಾಬಾದಿನ ಐ.ಐ.ಎಂ.ಗಳು 1961ರಲ್ಲಿ, ಬೆಂಗಳೂರಿನದು 1973ರಲ್ಲಿ ಆರಂಭವಾದವು. ಆದರೆ ಅವು ಬಹುಕಾಲ ಪದವಿ ಮುಗಿಸಿದವರಿಗೆ ಮಾತ್ರ ಬಾಗಿಲು ತೆರೆದಿದ್ದವು. ಪಿಯುಸಿ ಮುಗಿಸಿದವರಿಗೆ ಐದು ವರ್ಷದ ಸಂಯೋಜಿತ ಕೋರ್ಸನ್ನು ಇಂದೋರಿನ ಐ.ಐ.ಎಂ. 2011ರಲ್ಲಿ ಶುರುಮಾಡಿತು.

ನಮ್ಮ ರಾಜ್ಯದಲ್ಲಿ ಹಿಂದೆ ಬಿ.ಬಿ.ಎಂ. ಎನ್ನುತ್ತಿದ್ದುದೇ ಈಗಿನ ಬಿ.ಬಿ.ಎ. 2021–22ರಲ್ಲಿ ಹೊಸ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿಯ ವ್ಯವಸ್ಥೆ ಬಂತು. 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಅದೇ 2024–25ರಿಂದ ಬಿ.ಬಿ.ಎ., ಬಿ.ಸಿ.ಎ. ಕೋರ್ಸುಗಳು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ ಅಂದರೆ ಎ.ಐ.ಸಿ.ಟಿ.ಇ.ಯ ಅನುಮೋದನೆಯ ವ್ಯಾಪ್ತಿಗೂ ಬಂದವು. ಆದ್ದರಿಂದ ಕಾಲೇಜಿಗೆ ಹೋದಾಗ ಮೊದಲು ಕೇಳಬೇಕಾದದ್ದು ಈ ಅನುಮೋದನೆಯ ಪತ್ರವನ್ನು. ಆಮೇಲೆ ಕೇಳಬೇಕಾದ ನಾಲ್ಕು ಪ್ರಶ್ನೆಗಳಿವೆ.

ಸಂಖ್ಯಾಶಾಸ್ತ್ರ ಮತ್ತು ಕ್ವಾಂಟಿಟೇಟಿವ್ ಪತ್ರಿಕೆಗಳನ್ನು ಪಾಠ ಮಾಡುವವರು ಯಾರು? ಆ ವಿಷಯದಲ್ಲಿ ಓದಿದವರೋ, ಬೇರೆ ಯಾರೂ ಸಿಗದೆ ಒಪ್ಪಿಸಿಕೊಂಡವರೋ? ಲೆಕ್ಕಗಳನ್ನು ಕರಿಹಲಗೆಯ ಮೇಲೆ ಮಾತ್ರ ಮಾಡಿಸುತ್ತಾರೋ, ಗಣಕಯಂತ್ರದ ಮುಂದೆಯೂ ಕೂರಿಸುತ್ತಾರೋ? ಎಕ್ಸೆಲ್‌ನಲ್ಲಿ 'ಸಾಲ್ವರ್' ಎಂಬ ಸಾಧನವಿದೆ. ಉಚಿತವಾಗಿ ಸಿಗುವ ಲಿಬ್ರೆ ಆಫೀಸ್‌ನಲ್ಲೂ ಇದೆ. ಹಪ್ಪಳದ ಲೆಕ್ಕವನ್ನು ಅದರಲ್ಲಿ ಹತ್ತು ನಿಮಿಷದಲ್ಲಿ ಮಾಡಬಹುದು. ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿದ್ಯಾರ್ಥಿಗಳು ನಿಜವಾಗಿಯೂ ಒಂದು ಕಾರ್ಖಾನೆಗೋ ಅಂಗಡಿಗೋ ಹೋಗುತ್ತಾರೋ, ಜೆರಾಕ್ಸ್ ಅಂಗಡಿಯಿಂದ ತಂದು ಬೈಂಡ್ ಮಾಡಿಸುತ್ತಾರೋ? ಪಿಯುಸಿಯಲ್ಲಿ ಗಣಿತ ಓದದವರಿಗೆ ಮೊದಲ ತಿಂಗಳಲ್ಲಿ ಸೇತುವೆ ಪಾಠಗಳಿವೆಯೋ? ಕಟ್ಟಡದ ಗಾಜು, ಕ್ಯಾಂಪಸ್ಸಿನ ಹುಲ್ಲುಹಾಸು ಈ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ. ಎರಡನೇ ವರ್ಷದಲ್ಲಿ ಓದುತ್ತಿರುವ ಇಬ್ಬರನ್ನು ಗೇಟಿನ ಬಳಿ ಮಾತಾಡಿಸಿದರೆ ಉತ್ತರ ಸಿಗುತ್ತದೆ.

ಹೆದರಿಕೆ ಬಿಡಿ

'ನಮ್ಮ ಮಗಳಿಗೆ ಲೆಕ್ಕ ಹತ್ತುವುದಿಲ್ಲ' ಎನ್ನುವ ತಾಯ್ತಂದೆಯರಿಗೆ ಒಂದು ಮಾತು. ಇಲ್ಲಿ ಬೇಕಾದದ್ದು ಇಂಜಿನಿಯರಿಂಗಿನವರ ಕಲನಶಾಸ್ತ್ರವಲ್ಲ. ಕೂಡು, ಕಳೆ, ಗುಣಿಸು, ಭಾಗಿಸು, ಶೇಕಡಾವಾರು, ಎರಡು ಅಜ್ಞಾತಗಳ ಸಮೀಕರಣ, ಗ್ರಾಫ್ ಎಳೆಯುವುದು ಇಷ್ಟು ಗೊತ್ತಿದ್ದರೆ ಹೊಸ್ತಿಲು ದಾಟಬಹುದು. ಇವೆಲ್ಲ ಹತ್ತನೇ ತರಗತಿಯೊಳಗಿನ ಪಾಠಗಳೇ. ಕಾಲೇಜು ಶುರುವಾಗುವ ಮುನ್ನ ಸಿಗುವ ರಜೆಯಲ್ಲಿ ಹತ್ತನೇ ತರಗತಿಯ ಗಣಿತ ಪುಸ್ತಕವನ್ನು ಮತ್ತೊಮ್ಮೆ ತಿರುವಿ ಹಾಕಿದರೆ ಅರ್ಧ ಭಯ ಹೋಗುತ್ತದೆ. ಇನ್ನು ಪಿಯುಸಿಗೇ ಸೇರಬೇಕಾದವರು, ಮುಂದೆ ಬಿ.ಬಿ.ಎ. ಮಾಡುವ ಆಸೆಯಿದ್ದರೆ, ವಾಣಿಜ್ಯ ವಿಭಾಗದಲ್ಲಿ ಮೂಲ ಗಣಿತ ಅಥವಾ ಸಂಖ್ಯಾಶಾಸ್ತ್ರವಿರುವ ಗುಂಪನ್ನು ಆರಿಸಿಕೊಳ್ಳುವುದು ಜಾಣತನ. ಎಂ.ಬಿ.ಎ. ಪ್ರವೇಶ ಪರೀಕ್ಷೆಗಳಲ್ಲೂ ಲೆಕ್ಕದ ಭಾಗ ಕಾದಿರುತ್ತದೆ ಎಂಬುದನ್ನು ಮರೆಯಬಾರದು. ಸಂಖ್ಯಾಶಾಸ್ತ್ರ, ಆಪರೇಷನಲ್ ರಿಸರ್ಚ್‌ಗಳಲ್ಲಿ ಎಂ.ಎಸ್ಸಿ. ಮಾಡುವ ಆಸೆಯಿರುವವರು ಪದವಿಯಲ್ಲಿ ಎಷ್ಟು ಗಣಿತ ಓದಿರಬೇಕು ಎಂಬ ಆಯಾ ವಿಶ್ವವಿದ್ಯಾಲಯದ ನಿಯಮವನ್ನು ಮೊದಲ ವರ್ಷದಲ್ಲೇ ನೋಡಿಕೊಳ್ಳಬೇಕು. ಮೂರು ವರ್ಷ ಮುಗಿದ ಮೇಲೆ ನೋಡಿದರೆ ಪ್ರಯೋಜನವಿಲ್ಲ.

ಓದುವಾಗಲೂ ಒಂದು ಅಭ್ಯಾಸ ಇಟ್ಟುಕೊಂಡರೆ ಒಳ್ಳೆಯದು. ಪುಸ್ತಕದ ಪ್ರತಿ ಲೆಕ್ಕವನ್ನೂ ಗೊತ್ತಿರುವ ಒಂದು ಅಂಗಡಿಗೆ ಹೊಂದಿಸಿ ನೋಡುವುದು. ಅಪ್ಪನ ಕಿರಾಣಿ ಅಂಗಡಿಯಲ್ಲಿ ಬೆಲ್ಲದ ಪೆಂಟೆಗಳನ್ನು ಎಷ್ಟು ದಿನಕ್ಕೊಮ್ಮೆ ತರಿಸುತ್ತಾರೆ, ಚಿಕ್ಕಪ್ಪನ ಲಾರಿ ಯಾವ ದಾರಿಯಲ್ಲಿ ಖಾಲಿ ಓಡುತ್ತದೆ, ಹಾಲಿನ ಡೇರಿಯ ವ್ಯಾನು ಹತ್ತು ಹಳ್ಳಿಗಳನ್ನು ಯಾವ ಕ್ರಮದಲ್ಲಿ ಸುತ್ತುತ್ತದೆ ಎಂದು ಕೇಳಿ, ಬರೆದುಕೊಂಡು, ಲೆಕ್ಕ ಹಾಕಬೇಕು. ಹಾಗೆ ಓದಿದ ವಿದ್ಯಾರ್ಥಿಗೆ ಸಂದರ್ಶನದಲ್ಲಿ ಹೇಳಲು ತನ್ನದೇ ಒಂದು ಮಾತಿರುತ್ತದೆ. ಕೆಲಸ ಸಿಗುವುದು ತಡವಾದರೂ, ಮನೆಯ ಅಂಗಡಿಯ ಬೆಲ್ಲದ ಲೆಕ್ಕವಾದರೂ ಸರಿಹೋಗಿರುತ್ತದೆ.